ದೇವರಿಚ್ಛೆ ಮತ್ತು ಎಂಟನೆಯ ದಿನ

ಮಂಡ್ಯ ಸೀಮೆಯಲ್ಲಿ ‘ದೇವರಿಚ್ಛೆ’ ಎಂಬ ಮಾತಿಗೆ ಬಿಡುವೇ ಇಲ್ಲ. ಮಳೆ ಕೈಕೊಟ್ಟರೆ ದೇವರಿಚ್ಛೆ, ಕಬ್ಬಿನ ಬಾಕಿ ಹಣ ಬಾರದಿದ್ದರೆ ದೇವರಿಚ್ಛೆ, ಮಗ ಗಣಿತದಲ್ಲಿ ಹದಿನೆಂಟು ಅಂಕ ತೆಗೆದರೆ ಅದೂ ದೇವರಿಚ್ಛೆಯೇ. ನಾಗಮಂಗಲದ ಸಂತೆಯಲ್ಲೂ ಕೆ.ಆರ್. ಪೇಟೆಯ ಬಸ್ ನಿಲ್ದಾಣದಲ್ಲೂ ಹಿಂದೂ, ಮುಸಲ್ಮಾನ, ಕ್ರೈಸ್ತ ಎಂಬ ಭೇದವಿಲ್ಲದೆ ಎಲ್ಲರ ಬಾಯಲ್ಲೂ ಈ ಮಾತು ಕೇಳಿಬರುತ್ತದೆ.

ಆದರೆ ಈ ಮಾತು ಯಾವ ಹೊತ್ತಿನಲ್ಲಿ ಬರುತ್ತದೆಂಬುದನ್ನು ಗಮನಿಸಿದರೆ ಒಂದು ಸೋಜಿಗ ಕಾಣುತ್ತದೆ. ಎಲ್ಲ ಮುಗಿದ ಮೇಲೆ ಜನ ‘ದೇವರಿಚ್ಛೆ’ ಎನ್ನುತ್ತಾರೆ. ಕೆಲಸ ಶುರುಮಾಡುವ ಮೊದಲು ಎನ್ನುವವರು ಕಡಿಮೆ. ಫಲಿತಾಂಶದ ದಿನ ದೇವರ ಹೆಸರೆತ್ತುವ ಹುಡುಗ ಜೂನ್ ತಿಂಗಳಲ್ಲಿ ಪುಸ್ತಕ ತೆರೆಯುವಾಗ ‘ಇದು ದೇವರಿಚ್ಛೆ, ಆದ್ದರಿಂದ ಓದಬೇಕು’ ಎಂದದ್ದನ್ನು ಯಾರೂ ಕೇಳಿರಲಾರರು. ಹೀಗಾಗಿ ಆ ಮಾತು ಬಹುತೇಕ ಒಂದು ಸಮಾಧಾನದ ಮಾತಾಗಿ, ಕೆಲವೊಮ್ಮೆ ಒಂದು ನೆಪವಾಗಿ ಉಳಿದುಬಿಟ್ಟಿದೆ.

ಕ್ರೈಸ್ತ ಧರ್ಮದಲ್ಲಿ ದೇವರ ಚಿತ್ತಕ್ಕೆ ತಲೆಬಾಗುವುದು ಬಹು ದೊಡ್ಡ ಗುಣ. ಆದರೆ ಅಲ್ಲಿ ಆ ಚಿತ್ತ ನಿನ್ನೆ ನಡೆದುಹೋದ ಸಂಗತಿಗೆ ಹಚ್ಚುವ ಹೆಸರಾಗಿ ಬರುವುದಕ್ಕಿಂತ ಹೆಚ್ಚಾಗಿ ನಾಳೆ ಬೆಳಿಗ್ಗೆ ಎದ್ದು ಮಾಡಬೇಕಾದ ಕೆಲಸವಾಗಿ ಬರುತ್ತದೆ. ಕೆಲಸವೆಂದ ಮೇಲೆ ಅದನ್ನು ಮಾಡುವವರೂ ಇರುತ್ತಾರೆ, ಅದರಿಂದ ತಪ್ಪಿಸಿಕೊಂಡು ಓಡುವವರೂ ಇರುತ್ತಾರೆ. ಓಡಿದವರಲ್ಲಿ ಅತ್ಯಂತ ಪ್ರಸಿದ್ಧನಾದವನು ಯೋನ.

ಪಶ್ಚಿಮಕ್ಕೆ ಹೊರಟ ಪ್ರವಾದಿ

ಬೈಬಲಿನ ಹಳೆಯ ಒಡಂಬಡಿಕೆಯಲ್ಲಿರುವ ಯೋನನ ಪುಸ್ತಕ ಬಹಳ ಚಿಕ್ಕದು, ನಾಲ್ಕೇ ಅಧ್ಯಾಯ. ಯೆಹೂದ್ಯರು ತಮ್ಮ ಪ್ರಾಯಶ್ಚಿತ್ತದ ಹಬ್ಬದ ದಿನ ಅದನ್ನು ಓದುತ್ತಾರೆ. ಕುರಾನಿನಲ್ಲಿ ಇದೇ ಪ್ರವಾದಿ ಯೂನುಸ್. ಅದರ ಹತ್ತನೆಯ ಅಧ್ಯಾಯಕ್ಕೆ ಅವನ ಹೆಸರೇ ಇದೆ. ಹೀಗಾಗಿ ಶ್ರೀರಂಗಪಟ್ಟಣದ ಜಾಮಿಯಾ ಮಸೀದಿಯ ಬಳಿಯ ಮಕ್ಕಳಿಗೂ ಗಂಜಾಮಿನ ಚರ್ಚಿನ ಬಳಿಯ ಮಕ್ಕಳಿಗೂ ಅವನು ಸಮಾನವಾಗಿ ಸೇರಿದವನು.

ಕಥೆ ಎಲ್ಲರಿಗೂ ಗೊತ್ತಿರುವಂಥದೇ. ನಿನವೆ ಎಂಬ ಮಹಾನಗರಕ್ಕೆ ಹೋಗಿ ಅಲ್ಲಿಯ ಜನರನ್ನು ಎಚ್ಚರಿಸು ಎಂದು ದೇವರ ಅಪ್ಪಣೆಯಾಯಿತು. ನಿನವೆ ಇದ್ದದ್ದು ಪೂರ್ವದಲ್ಲಿ, ಟೈಗ್ರಿಸ್ ನದಿಯ ದಂಡೆಯಲ್ಲಿ. ಇಂದಿನ ಇರಾಕಿನ ಮೋಸುಲ್ ನಗರದ ಎದುರು ದಡದಲ್ಲಿ ಅದರ ಪಾಳು ಗೋಡೆಗಳಿವೆ. ಯೋನ ಪೂರ್ವಕ್ಕೆ ಹೋಗಲಿಲ್ಲ. ಯೊಪ್ಪ ಎಂಬ ಬಂದರಿಗಿಳಿದು, ಕೈಯಿಂದ ಕಾಸು ಕೊಟ್ಟು, ತಾರ್ಷೀಷಿಗೆ ಹೋಗುವ ಹಡಗು ಹತ್ತಿದ. ತಾರ್ಷೀಷ್ ಸ್ಪೇನಿನ ಕಡಲ ತೀರದಲ್ಲಿದ್ದಿರಬೇಕೆಂದು ಅನೇಕ ವಿದ್ವಾಂಸರ ಊಹೆ. ಎಂದರೆ ಆ ಕಾಲದವರಿಗೆ ತಿಳಿದಿದ್ದ ಪ್ರಪಂಚದ ಪಶ್ಚಿಮದ ಕೊನೆ. ನಾಗಮಂಗಲಕ್ಕೆ ಹೋಗೆಂದರೆ ಮಂಗಳೂರಿನ ಬಸ್ಸು ಹತ್ತಿದ ಹಾಗೆ! ಮುಂದೆ ಬಿರುಗಾಳಿ, ನಾವಿಕರು ಅವನನ್ನು ಕಡಲಿಗೆಸೆದದ್ದು, ದೊಡ್ಡ ಮೀನು, ಮೂರು ದಿನ, ಮತ್ತೆ ದಡ.

ಮಕ್ಕಳು ಮೀನನ್ನೇ ನೆನಪಿಟ್ಟುಕೊಳ್ಳುತ್ತಾರೆ. ದೊಡ್ಡವರು ಗಮನಿಸಬೇಕಾದ ಜಾಗಗಳು ಬೇರೆ ಇವೆ. ಮೊದಲನೆಯದು, ಯೋನ ಓಡಿದ್ದು ಏಕೆ ಎಂಬುದು. ಹೆದರಿ ಓಡಿದನೆಂದು ಸಾಮಾನ್ಯವಾಗಿ ಭಾವಿಸುತ್ತಾರೆ. ಕಾರಣವನ್ನು ಅವನೇ ನಾಲ್ಕನೆಯ ಅಧ್ಯಾಯದಲ್ಲಿ ಬಾಯಿಬಿಟ್ಟು ಹೇಳುತ್ತಾನೆ. ನಿನವೆ ಅವನ ನಾಡಿನ ವೈರಿಗಳ ಊರು. ಅವರು ತಪ್ಪೊಪ್ಪಿಕೊಂಡರೆ ದೇವರು ಕ್ಷಮಿಸಿಬಿಡುತ್ತಾನೆ, ಆ ಜನರಿಗೆ ಒಳ್ಳೆಯದಾಗಿಬಿಡುತ್ತದೆ ಎಂಬುದೇ ಅವನ ಸಂಕಟ. ಕೆಲಸ ಕಷ್ಟವೆಂದು ಓಡಿದವನಲ್ಲ ಅವನು. ಆ ಕೆಲಸದಿಂದ ಯಾರಿಗೆ ಉಪಕಾರವಾಗುತ್ತದೋ ಅವರನ್ನು ಕಂಡರಾಗದೆ ಓಡಿದವನು.

ಎರಡನೆಯದು, ಮೀನಿನ ಹೊಟ್ಟೆಯಿಂದ ಹೊರಬಿದ್ದ ಮೇಲೆ ನಡೆದದ್ದು. ಅಪ್ಪಣೆ ಎರಡನೆಯ ಸಲ ಬಂತು, ಹೆಚ್ಚುಕಡಿಮೆ ಅದೇ ಮಾತುಗಳಲ್ಲಿ. ಅಲ್ಲಿ ‘ನಾನು ಆಗಲೇ ಹೇಳಿರಲಿಲ್ಲವೇ?’ ಎಂಬ ಹಂಗಿಸುವ ಮಾತಿಲ್ಲ, ಹಳೆಯ ಲೆಕ್ಕವಿಲ್ಲ. ತಪ್ಪಿದವನಿಗೆ ಎರಡನೆಯ ಅವಕಾಶ ಕೊಡುವುದು ಹೇಗೆ ಎಂಬುದನ್ನು ತಂದೆ ತಾಯಂದಿರು ಈ ಒಂದು ಸಾಲಿನಿಂದ ಕಲಿಯಬಹುದು. ಮರುಪರೀಕ್ಷೆಗೆ ಕುಳಿತ ಮಗನಿಗೆ ದಿನಕ್ಕೆ ಮೂರು ಹೊತ್ತು ಊಟದ ಜೊತೆಗೆ ಹಳೆಯ ಅಂಕಪಟ್ಟಿಯನ್ನೂ ಬಡಿಸುವ ಮನೆಗಳಿವೆಯಲ್ಲ!

ಮೂರನೆಯದು, ನೆರಳು ಕೊಟ್ಟ ಗಿಡ. ನಿನವೆ ಉಳಿಯಿತೆಂದು ಮುನಿಸಿಕೊಂಡು ಊರಾಚೆ ಕುಳಿತ ಯೋನನಿಗೆ ದೇವರು ಒಂದು ಗಿಡದ ನೆರಳು ಕೊಟ್ಟು, ಮರುದಿನ ಹುಳು ಕಡಿದು ಅದು ಒಣಗುವಂತೆ ಮಾಡುತ್ತಾನೆ. ಕನ್ನಡ ಅನುವಾದದಲ್ಲಿ ಇದು ಸೋರೆ; ಮೂಲದ ಹೀಬ್ರೂ ಪದ ನಮ್ಮ ಹರಳು ಗಿಡವನ್ನೇ ಸೂಚಿಸುತ್ತದೆ ಎನ್ನುವ ವಿದ್ವಾಂಸರೂ ಇದ್ದಾರೆ. ಕೆ.ಆರ್. ಪೇಟೆ, ನಾಗಮಂಗಲದ ಮಳೆಯಾಶ್ರಿತ ಹೊಲಗಳ ಅಂಚಿನಲ್ಲಿ ಹರಳು ಬೆಳೆದದ್ದನ್ನು ಕಂಡವರಿಗೆ ಅದು ಎಷ್ಟು ಬೇಗ ಆಳೆತ್ತರವಾಗುತ್ತದೆಂಬುದು ಗೊತ್ತು. ಆ ಗಿಡ ಸತ್ತದ್ದಕ್ಕೆ ಯೋನ ಸಾಯುವಷ್ಟು ದುಃಖಪಡುತ್ತಾನೆ. ಆಗ ದೇವರು ಕೇಳುತ್ತಾನೆ: ನೀನು ನೆಟ್ಟು ಬೆಳೆಸದ ಗಿಡಕ್ಕೆ ಇಷ್ಟು ಮರುಗುವೆಯಾದರೆ, ಬಲಗೈ ಎಡಗೈ ತಿಳಿಯದ ಲಕ್ಷಕ್ಕೂ ಮೀರಿದ ಜನರಿರುವ ಊರಿಗೆ ನಾನು ಮರುಗಬಾರದೇ? ಪುಸ್ತಕ ಆ ಪ್ರಶ್ನೆಯಲ್ಲೇ ಮುಗಿದುಹೋಗುತ್ತದೆ. ಯೋನನ ಉತ್ತರ ಇಲ್ಲ.

ಎಲ್ಲ ಹೋಗುವುದೂ ಓಡುವುದಲ್ಲ

ಹಾಗೆಂದು ಊರು ಬಿಟ್ಟವರೆಲ್ಲ ದೇವರಿಂದ ಓಡಿದವರೆಂದು ತೀರ್ಮಾನಿಸುವಂತಿಲ್ಲ. ಹೆರೋದನ ಕತ್ತಿಯಿಂದ ಹಸುಗೂಸು ಯೇಸುವನ್ನು ಉಳಿಸಲು ಜೋಸೆಫ್ ರಾತ್ರೋರಾತ್ರಿ ಈಜಿಪ್ಟಿಗೆ ಹೊರಟದ್ದು ಪಲಾಯನವೇ ಹೌದು. ಅದೇ ಅವನ ವಿಧೇಯತೆಯೂ ಆಗಿತ್ತು. ಚೋಳ ದೊರೆಯ ಕೋಪದಿಂದಾಗಿ ಶ್ರೀರಂಗ ಬಿಟ್ಟು ಬಂದ ರಾಮಾನುಜರು ತೊಣ್ಣೂರಿನಲ್ಲಿ, ಮೇಲುಕೋಟೆಯಲ್ಲಿ ನೆಲೆನಿಂತು ಮಾಡಿದ ಕೆಲಸವನ್ನು ಪಾಂಡವಪುರ ತಾಲ್ಲೂಕಿನ ಯಾವ ಮಗುವಿಗೂ ಹೊಸದಾಗಿ ಹೇಳಬೇಕಾಗಿಲ್ಲ. ಆದ್ದರಿಂದ ಹೋದರೋ ಇದ್ದರೋ ಎಂಬುದು ಮುಖ್ಯವಲ್ಲ. ಹೋದ ಕಡೆ ಎದುರಿಗೆ ಬಂದ ಕೆಲಸಕ್ಕೆ ಕೈಹಚ್ಚಿದರೋ ಬೆನ್ನು ತಿರುಗಿಸಿದರೋ ಎಂಬುದನ್ನು ನೋಡಬೇಕು.

ಈ ಅಳತೆಗೋಲನ್ನು ಹಿಡಿದು ನೋಡಲು ತಕ್ಕವರು ಶ್ರೀರಂಗಪಟ್ಟಣದ ಇತಿಹಾಸದಲ್ಲೇ ಒಬ್ಬರಿದ್ದಾರೆ. ಅವರು ಅಬ್ಬೆ ದುಬಾಯ್.

ಫ್ರಾನ್ಸಿನಿಂದ ಗಂಜಾಮಿಗೆ

ಪಾಂಡವಪುರಕ್ಕೆ ಹಿಂದೆ ಹಿರೋಡೆ ಎಂದೂ ಬ್ರಿಟಿಷರ ಬಾಯಲ್ಲಿ ‘ಫ್ರೆಂಚ್ ರಾಕ್ಸ್’ ಎಂದೂ ಹೆಸರಿತ್ತು. ಹೈದರ್ ಮತ್ತು ಟಿಪ್ಪುವಿನ ಸೇವೆಯಲ್ಲಿದ್ದ ಫ್ರೆಂಚ್ ಸೈನಿಕರು ಅಲ್ಲಿಯ ಬಂಡೆಗಳ ಬಳಿ ಬೀಡುಬಿಟ್ಟಿದ್ದರಿಂದ ಬಂದ ಹೆಸರು ಅದು. ಬಂದೂಕು ಹಿಡಿದು ಬಂದ ಆ ಫ್ರೆಂಚರ ಕಾಲ ಮುಗಿದ ಕೂಡಲೇ ಜಪಮಾಲೆ ಹಿಡಿದು ಬಂದ ಫ್ರೆಂಚ್ ಪಾದ್ರಿ ಜೀನ್ ಆಂಟ್ವಾನ್ ದುಬಾಯ್. ಅವರು ದಕ್ಷಿಣ ಫ್ರಾನ್ಸಿನ ಆರ್ದೆಶ್ ಸೀಮೆಯವರು. 1792ರಲ್ಲಿ ಗುರುದೀಕ್ಷೆ ಪಡೆದು, ಪ್ಯಾರಿಸ್ ವಿದೇಶೀ ಮಿಷನ್ ಸಂಸ್ಥೆಯ ಮೂಲಕ ಅದೇ ವರ್ಷ ಭಾರತಕ್ಕೆ ಹೊರಟರು. ಆಗ ಫ್ರಾನ್ಸಿನಲ್ಲಿ ಕ್ರಾಂತಿಯ ಬೆಂಕಿ. ಆ ಸೆಪ್ಟೆಂಬರಿನಲ್ಲಿ ಪ್ಯಾರಿಸ್ ನಗರವೊಂದರಲ್ಲೇ ಇನ್ನೂರಕ್ಕೂ ಹೆಚ್ಚು ಪಾದ್ರಿಗಳು ಕೊಲೆಯಾದರು. ದುಬಾಯ್ ಬಂದದ್ದು ಕರೆಗೆ ಓಗೊಟ್ಟೋ, ಕತ್ತಿಯಿಂದ ತಪ್ಪಿಸಿಕೊಂಡೋ? ಎರಡೂ ಇರಬಹುದು. ಮನುಷ್ಯರ ಉದ್ದೇಶಗಳು ಪ್ರಯೋಗಶಾಲೆಯ ಬಟ್ಟಿಯಿಳಿಸಿದ ನೀರಿನಷ್ಟು ಶುದ್ಧವಾಗಿರುವುದು ಅಪರೂಪ.

ಮೊದಲ ಕೆಲವು ವರ್ಷ ಅವರು ತಮಿಳು ಸೀಮೆಯಲ್ಲಿದ್ದರು. 1799ರ ಮೇ 4ರಂದು ಶ್ರೀರಂಗಪಟ್ಟಣ ಬಿತ್ತು, ಟಿಪ್ಪು ಸುಲ್ತಾನ್ ಮಡಿದ. ಕೋಟೆಯ ಅಧಿಕಾರ ವಹಿಸಿಕೊಂಡ ಕರ್ನಲ್ ಆರ್ಥರ್ ವೆಲ್ಲೆಸ್ಲಿ, ಎಂದರೆ ಮುಂದೆ 1815ರಲ್ಲಿ ವಾಟರ್ಲೂ ಕಾಳಗದಲ್ಲಿ ನೆಪೋಲಿಯನ್ನನನ್ನು ಸೋಲಿಸಿದ ವೆಲ್ಲಿಂಗ್ಟನ್, ಇಲ್ಲಿಯ ಕ್ರೈಸ್ತರನ್ನು ಸಂಘಟಿಸಲು ದುಬಾಯ್ ಅವರನ್ನು ಕರೆಸಿಕೊಂಡ. ಎರಡು ದೇಶಗಳು ಯುದ್ಧದಲ್ಲಿದ್ದಾಗ ಇಂಗ್ಲಿಷ್ ಸೇನಾನಿ ಫ್ರೆಂಚ್ ಪಾದ್ರಿಯನ್ನು ಕರೆಸಿದ್ದು ಕಾಲದ ವಿಚಿತ್ರ.

ಶ್ರೀರಂಗಪಟ್ಟಣದ ಸುತ್ತ ಕ್ರೈಸ್ತರು ಹದಿನೇಳನೆಯ ಶತಮಾನದ ನಡುವಿನಿಂದ, ಜೆಸ್ಯೂಟ್ ಪಾದ್ರಿಗಳ ಕಾಲದಿಂದ ಇದ್ದವರು. ಅವರ ಜೊತೆಗೆ 1784ರಲ್ಲಿ ಕೆನರಾ ಕರಾವಳಿಯಿಂದ ಸೆರೆಯಾಗಿ ಬಂದವರು ಸಾವಿರಾರು ಮಂದಿ. ಹದಿನೈದು ವರ್ಷದ ಸೆರೆಯಲ್ಲಿ ಸತ್ತವರು ಎಷ್ಟೋ. ಉಳಿದವರಲ್ಲಿ ಬಲವಂತಕ್ಕೆ, ಭಯಕ್ಕೆ ಮತ ಬದಲಿಸಿದವರು ಅನೇಕರು. ಸೆರೆ ಬಿಟ್ಟ ಮೇಲೆ ಅವರ ಮುಂದಿದ್ದ ಪ್ರಶ್ನೆ ಕಠಿಣವಾದದ್ದು: ಹೆದರಿ ದೇವರನ್ನು ಬಿಟ್ಟವರಿಗೆ ಮತ್ತೆ ದೇವರ ಮನೆಯಲ್ಲಿ ಜಾಗವಿದೆಯೇ?

ಈ ಪ್ರಶ್ನೆ ಹಳೆಯದು. ಕ್ರಿ.ಶ. 250ರಲ್ಲಿ ರೋಮನ್ ಚಕ್ರವರ್ತಿ ಡೀಸಿಯಸ್ ಕ್ರೈಸ್ತರನ್ನು ಹಿಂಸಿಸಿದಾಗ ಅನೇಕರು ಪ್ರಾಣಭಯದಿಂದ ನಂಬಿಕೆ ಬಿಟ್ಟಿದ್ದರು. ಹಿಂಸೆ ನಿಂತ ಮೇಲೆ ಅವರನ್ನು ಮರಳಿ ಸೇರಿಸಿಕೊಳ್ಳಕೂಡದೆಂದು ಒಂದು ಗುಂಪು ಹಟ ಹಿಡಿಯಿತು. ಪಶ್ಚಾತ್ತಾಪಪಟ್ಟವರನ್ನು ಸೇರಿಸಿಕೊಳ್ಳಬೇಕೆಂದು ಸಭೆ ನಿರ್ಧರಿಸಿತು. ಯೇಸುವನ್ನು ಅರಿಯೆನೆಂದು ಒಂದೇ ರಾತ್ರಿ ಮೂರು ಸಲ ಹೇಳಿದ ಪೇತ್ರನೇ ಆ ಸಭೆಯ ಹಿರಿಯನಾಗಿದ್ದನಲ್ಲ! ದುಬಾಯ್ ಅವರೂ ಅದೇ ದಾರಿ ಹಿಡಿದರು; ತಪ್ಪಿಹೋದವರನ್ನು ಮರಳಿ ಕರೆದುಕೊಂಡರು. ಗಂಜಾಮಿನಲ್ಲಿ ಈಗಲೂ ಜನ ಅವರ ಹೆಸರಿನಿಂದಲೇ ಗುರುತಿಸುವ ಚರ್ಚು 1800ರ ಸುಮಾರಿನದು. ದೇಶೀಯರ ಉಡುಗೆ ತೊಟ್ಟು, ಅವರ ಊಟ ಉಂಡು, ಹಳ್ಳಿಹಳ್ಳಿ ತಿರುಗುತ್ತಿದ್ದ ಅವರನ್ನು ಜನ ‘ದೊಡ್ಡ ಸ್ವಾಮಿಯವರು’ ಎಂದು ಕರೆಯುತ್ತಿದ್ದರಂತೆ. ಹಾಸನದ ಸಮೀಪದ ಸಾತಳ್ಳಿಯಲ್ಲಿ ಬಡ ಕ್ರೈಸ್ತರಿಗಾಗಿ ಬೇಸಾಯದ ನೆಲೆಯೊಂದನ್ನೂ ಕಟ್ಟಿದರು.

ಅಮ್ಮನ ಇಚ್ಛೆ, ದೇವರ ಇಚ್ಛೆ

ಅವರ ಎದುರು ಬಂದ ನಿನವೆ ಮಾತ್ರ ಇನ್ನೊಂದಿತ್ತು. ಅದು ಸಿಡುಬು.

ಇಂದಿನ ವಿದ್ಯಾರ್ಥಿಗಳು ಸಿಡುಬನ್ನು ಕಂಡಿಲ್ಲ. ತಗುಲಿದ ನೂರು ಜನರಲ್ಲಿ ಸುಮಾರು ಮೂವತ್ತು ಮಂದಿಯನ್ನು ಕೊಲ್ಲುತ್ತಿದ್ದ, ಉಳಿದವರ ಮುಖದಲ್ಲಿ ಕುಳಿ ಬಿಟ್ಟು, ಕೆಲವರ ಕಣ್ಣನ್ನೂ ಕಿತ್ತುಕೊಂಡು ಹೋಗುತ್ತಿದ್ದ ರೋಗ ಅದು. ‘ಅಮ್ಮ ಬಂದಿದೆ’ ಎನ್ನುತ್ತಿದ್ದರು. ಬೇವಿನ ಸೊಪ್ಪು ಕಟ್ಟಿ, ಮೊಸರನ್ನದ ಎಡೆಯಿಟ್ಟು, ಅಮ್ಮ ತಾನಾಗಿ ಮನೆಯಿಂದ ಹೋಗುವವರೆಗೆ ಕಾಯುತ್ತಿದ್ದರು. ಮದ್ದು ಕೊಟ್ಟರೆ ಅಮ್ಮ ಮುನಿಯುತ್ತಾಳೆಂಬ ಭಯ. ಇದನ್ನು ನೋಡಿ ನಗುವ ಮುನ್ನ ಒಂದು ವಿಷಯ ತಿಳಿಯಬೇಕು. 1722ರಲ್ಲಿ ಲಂಡನ್ನಿನಲ್ಲಿ ಎಡ್ಮಂಡ್ ಮ್ಯಾಸಿ ಎಂಬ ಪಾದ್ರಿ ಸಿಡುಬಿನ ವಿರುದ್ಧ ಚುಚ್ಚು ಹಾಕಿಸುವುದು ಪಾಪವೆಂದು ಚರ್ಚಿನಲ್ಲಿ ಉಪದೇಶ ಮಾಡಿ, ಅದನ್ನು ಅಚ್ಚು ಹಾಕಿಸಿದ್ದ. ರೋಗ ದೇವರು ಕಳುಹಿಸಿದ್ದು, ಅದನ್ನು ತಡೆಯುವುದು ದೇವರ ಇಚ್ಛೆಯನ್ನು ಮೀರಿದಂತೆ ಎಂಬುದು ಅವನ ವಾದದ ತಿರುಳು. ಅದಕ್ಕೆ ಒಂದು ವರ್ಷ ಮುಂಚೆ ಅಮೆರಿಕದ ಬೋಸ್ಟನ್ನಿನಲ್ಲಿ ಕಾಟನ್ ಮ್ಯಾದರ್ ಎಂಬ ಇನ್ನೊಬ್ಬ ಪಾದ್ರಿ ಅದೇ ಚುಚ್ಚಿನ ಪರವಾಗಿ ನಿಂತು ಜನರ ಕೋಪಕ್ಕೆ ಗುರಿಯಾಗಿದ್ದ. ಇಬ್ಬರ ಕೈಯಲ್ಲಿದ್ದದ್ದೂ ಒಂದೇ ಬೈಬಲು!

1796ರ ಮೇ 14ರಂದು ಎಡ್ವರ್ಡ್ ಜೆನ್ನರ್, ಹಾಲು ಕರೆಯುವ ಹೆಂಗಸಿನ ಕೈಯ ಗೋಸಿಡುಬಿನ ಗುಳ್ಳೆಯಿಂದ ರಸ ತೆಗೆದು ಜೇಮ್ಸ್ ಫಿಪ್ಸ್ ಎಂಬ ಎಂಟು ವರ್ಷದ ಹುಡುಗನ ತೋಳಿಗೆ ಹಾಕಿದ. ಹಸುವಿಗೆ ಲ್ಯಾಟಿನ್ ಭಾಷೆಯಲ್ಲಿ ‘ವಾಕಾ’, ಅದರಿಂದಲೇ ‘ವ್ಯಾಕ್ಸೀನ್’. ಈ ಲಸಿಕೆ ವಿಯೆನ್ನಾದಿಂದ ಬಾಗ್ದಾದ್, ಬಸ್ರಾ ಮಾರ್ಗವಾಗಿ ಬೊಂಬಾಯಿ ತಲುಪಿತು. ಯೋನ ಹೋಗಲೊಲ್ಲದ ಟೈಗ್ರಿಸ್ ನದಿಯ ಸೀಮೆಯಿಂದಲೇ ಅದು ಭಾರತಕ್ಕೆ ಬಂತೆನ್ನಬೇಕು. 1802ರ ಜೂನ್ 14ರಂದು ಬೊಂಬಾಯಿಯಲ್ಲಿ ಆನ್ನಾ ಡಸ್ತಾಲ್ ಎಂಬ ಮೂರು ವರ್ಷದ ಹುಡುಗಿಗೆ ಭಾರತದ ಮೊದಲ ಲಸಿಕೆ ತಗುಲಿತು.

ಅಂದು ಫ್ರಿಜ್ಜು ಇರಲಿಲ್ಲ, ಐಸ್ ಪೆಟ್ಟಿಗೆ ಇರಲಿಲ್ಲ. ಬಿಸಿಲಿನಲ್ಲಿ ಲಸಿಕೆಯ ರಸ ಕೆಲವೇ ದಿನಗಳಲ್ಲಿ ಸತ್ತುಹೋಗುತ್ತಿತ್ತು. ಅದನ್ನು ಜೀವಂತವಾಗಿ ಒಯ್ಯಲು ಇದ್ದ ನೆಚ್ಚಿನ ಪಾತ್ರೆ ಮಗುವಿನ ತೋಳು. ಇಂದು ಒಂದು ಮಗುವಿಗೆ ಹಾಕಿದರೆ, ಸುಮಾರು ಎಂಟನೆಯ ದಿನ ಗುಳ್ಳೆ ಹಣ್ಣಾಗಿ ರಸ ತುಂಬುತ್ತದೆ. ಅಂದು ಆ ಮಗುವನ್ನು ಮತ್ತೆ ಕರೆತಂದರೆ, ಆ ರಸದಿಂದ ಮುಂದಿನ ಊರಿನ ಕೆಲವು ಮಕ್ಕಳಿಗೆ ಹಾಕಬಹುದು. ಅವರು ಮತ್ತೆ ಎಂಟು ದಿನಕ್ಕೆ ಬಂದರೆ ಅದರ ಮುಂದಿನ ಊರಿಗೆ. ಹೀಗೆ ತೋಳಿನಿಂದ ತೋಳಿಗೆ ಸರಪಳಿ ಸಾಗಬೇಕು. ಎಂಟನೆಯ ದಿನ ಯಾರೂ ಬಾರದಿದ್ದರೆ ಸರಪಳಿ ತುಂಡಾಯಿತು. ಲಸಿಕೆ ಆ ಊರಿನಲ್ಲೇ ಸತ್ತಿತು. ದೂರದಿಂದ ಮತ್ತೆ ತರಿಸಬೇಕು.

ಬಾರದಿರಲು ಕಾರಣಗಳಿಗೇನೂ ಕೊರತೆಯಿರಲಿಲ್ಲ. ತನ್ನ ಮಗುವಿಗೆ ರಕ್ಷೆ ಆಗಲೇ ಸಿಕ್ಕಿದೆ. ಮತ್ತೆ ಕರೆದೊಯ್ದರೆ ಲಾಭ ಬೇರೆಯವರ ಮಗುವಿಗೆ. ಆ ಬೇರೆಯವರು ಯಾವ ಜಾತಿಯೋ! ಒಂದು ಜಾತಿಯ ತೋಳಿನ ರಸ ಇನ್ನೊಂದು ಜಾತಿಯ ತೋಳಿಗೆ ಹೋಗುವುದು ಆ ಕಾಲದಲ್ಲಿ ಸಣ್ಣ ಮಾತಾಗಿರಲಿಲ್ಲ. ಯೋನನನ್ನು ಯೊಪ್ಪದ ಬಂದರಿಗೆ ಅಟ್ಟಿದ ಸಂಕಟವೇ ಇಲ್ಲಿಯೂ ಇತ್ತು: ತನ್ನಿಂದ ಒಳ್ಳೆಯದಾಗುವುದು ತನಗೆ ಬೇಡವಾದವರಿಗೆ.

ಇಂಥ ಸನ್ನಿವೇಶದಲ್ಲಿ ದುಬಾಯ್ ಮೈಸೂರು ಸೀಮೆಯಲ್ಲಿ ಲಸಿಕೆಯ ಕೆಲಸಕ್ಕೆ ನಿಂತರು. ಪಾದ್ರಿಯ ಕೆಲಸಗಳ ಪಟ್ಟಿಯಲ್ಲಿ ಅದು ಇರಲಿಲ್ಲ. ‘ದೇವರು ಕಳುಹಿಸಿದ ರೋಗ, ಸಹಿಸಿಕೊಳ್ಳಿ’ ಎಂದು ಉಪದೇಶಿಸಿ ಗಂಜಾಮಿನಲ್ಲೇ ಇದ್ದುಬಿಡಬಹುದಿತ್ತು, ಯಾರೂ ತಪ್ಪೆನ್ನುತ್ತಿರಲಿಲ್ಲ. 1803–04ರಲ್ಲಿ ಅವರ ನೇತೃತ್ವದಲ್ಲಿ ಲಸಿಕೆ ಹಾಕಿಸಿಕೊಂಡವರೆಂದು ದಾಖಲಾದ ಸಂಖ್ಯೆ 25,432. ಇವರಲ್ಲಿ ಕ್ರೈಸ್ತರ ಪಾಲು ಅಲ್ಪವೇ ಇದ್ದಿರಬೇಕು. ಆ ಅಂಕಿಯ ಹಿಂದೆ ಎಂಟನೆಯ ದಿನ ತಪ್ಪದೆ ಮಗುವನ್ನೆತ್ತಿಕೊಂಡು ಬಂದ ಎಷ್ಟು ತಾಯಂದಿರಿದ್ದರೋ! ಅವರ ಹೆಸರುಗಳು ಯಾವ ದಾಖಲೆಯಲ್ಲೂ ಇಲ್ಲ. ದೇವರ ಚಿತ್ತವನ್ನು ನಡೆಸಿದವರ ಪಟ್ಟಿ ಮಾಡುವುದಾದರೆ ಅವರನ್ನು ಬಿಡುವಂತಿಲ್ಲ.

ಇನ್ನೂರು ಮುನ್ನೂರು

ಇಲ್ಲಿಗೇ ನಿಲ್ಲಿಸಿದರೆ ಕಥೆ ಸುಖವಾಗಿ ಮುಗಿಯುತ್ತದೆ. ಆದರೆ ದುಬಾಯ್ ತಮ್ಮ ಜೀವನವನ್ನು ಸುಖಾಂತವೆಂದು ಎಣಿಸಲಿಲ್ಲ. ಅವರು ಬಂದದ್ದು ಜನರನ್ನು ಕ್ರೈಸ್ತರನ್ನಾಗಿ ಮಾಡಲು. ಭಾರತದಲ್ಲಿ ಕ್ರೈಸ್ತ ಧರ್ಮದ ಸ್ಥಿತಿಯನ್ನು ಕುರಿತ ಅವರ ಪತ್ರಗಳು 1823ರಲ್ಲಿ ಲಂಡನ್ನಿನಲ್ಲಿ ಅಚ್ಚಾದವು. ಇಪ್ಪತ್ತೈದು ವರ್ಷಗಳ ದುಡಿಮೆಯಲ್ಲಿ ಹೊಸದಾಗಿ ಸೇರಿದವರು ಇನ್ನೂರರಿಂದ ಮುನ್ನೂರು ಮಂದಿಯಷ್ಟೇ ಎಂದೂ, ಅವರಲ್ಲಿಯೂ ನಿಜವಾದ ನಂಬಿಕೆಯಿಂದ ಬಂದವರು ಯಾರೂ ನೆನಪಿಗೆ ಬಾರರೆಂದೂ ಅದರಲ್ಲಿ ನಾಚಿಕೆಯಿಂದ ಒಪ್ಪಿಕೊಂಡಿದ್ದಾರೆ. ಭಾರತೀಯರನ್ನು ಮತಾಂತರಿಸುವ ಯತ್ನಕ್ಕೆ ಭವಿಷ್ಯವಿಲ್ಲವೆಂದೂ ಬರೆದರು. ಇತರ ಮಿಷನರಿಗಳು ಸಿಡಿದೆದ್ದು ಉತ್ತರ ಬರೆದರು.

ಅದೇ ವರ್ಷದ ಜನವರಿಯಲ್ಲಿ ಅವರು ಭಾರತ ಬಿಟ್ಟರು, ಮತ್ತೆ ಬರಲಿಲ್ಲ. ಹಾಗಾದರೆ ಕೊನೆಗೆ ಅವರೂ ತಾರ್ಷೀಷಿನ ಹಡಗು ಹತ್ತಿದರೇ? ಹಾಗೆನ್ನುವವರಿಗೆ ಆಧಾರವಿಲ್ಲದೆ ಇಲ್ಲ. ಅವರ ಪತ್ರಗಳಲ್ಲಿ ಕಹಿ ಇದೆ. ಇಲ್ಲಿಯ ಜನರ ಬಗ್ಗೆ ಒರಟು ತೀರ್ಪುಗಳಿವೆ. ಅವರಿಗೆ ಹೆಸರು ತಂದ ಗ್ರಂಥ ಹಿಂದೂ ಆಚಾರ ವಿಚಾರಗಳನ್ನು ಕುರಿತದ್ದು. 1807ರಲ್ಲಿ ಈಸ್ಟ್ ಇಂಡಿಯಾ ಕಂಪೆನಿ ಹಸ್ತಪ್ರತಿಯನ್ನು ಕೊಂಡು, 1816ರಲ್ಲಿ ಇಂಗ್ಲಿಷಿನಲ್ಲಿ ಹೊರಬಂದದ್ದು. ಅದರ ದೊಡ್ಡ ಭಾಗ ತಮಗಿಂತ ಹಿಂದಿನ ಜೆಸ್ಯೂಟ್ ಪಾದ್ರಿ ಕೂರ್ದೂ ಅವರ ಬರಹದಿಂದ ಹೆಸರು ಹೇಳದೆ ತೆಗೆದುಕೊಂಡದ್ದೆಂದು ಫ್ರೆಂಚ್ ವಿದುಷಿ ಸಿಲ್ವಿಯಾ ಮ್ಯೂರ್ ಇಪ್ಪತ್ತನೆಯ ಶತಮಾನದಲ್ಲಿ ತೋರಿಸಿಕೊಟ್ಟರು. ಪರೀಕ್ಷೆಯಲ್ಲಿ ಪಕ್ಕದವನ ಉತ್ತರ ನೋಡಿ ಬರೆದಷ್ಟೇ ತಪ್ಪು ಅದು.

ಇನ್ನೊಂದು ಮಗ್ಗುಲೂ ಇದೆ. ಪ್ಯಾರಿಸಿಗೆ ಮರಳಿದ ಅವರು ವಿಶ್ರಾಂತಿಗೆ ಕೂರಲಿಲ್ಲ. ತಮ್ಮನ್ನು ಕಳುಹಿಸಿದ ಸಂಸ್ಥೆಯಲ್ಲೇ ಹೊಸ ತರುಣರಿಗೆ ತರಬೇತು ಕೊಡುವ ಕೆಲಸ ಹಿಡಿದು, 1836ರಿಂದ 1839ರವರೆಗೆ ಅದರ ಮುಖ್ಯಸ್ಥರಾಗಿಯೂ ಇದ್ದು, 1848ರಲ್ಲಿ ತೀರಿಕೊಂಡರು. ಫಲವಿಲ್ಲವೆಂದು ಬರೆದ ಮನುಷ್ಯ ಆ ಫಲವಿಲ್ಲದ ಕೆಲಸವನ್ನು ಮೂವತ್ತು ವರ್ಷ ಬಿಡದೆ ಮಾಡಿದ್ದ, ಆಮೇಲೂ ಇಪ್ಪತ್ತೈದು ವರ್ಷ ಅದಕ್ಕೆ ಜನರನ್ನು ಅಣಿಮಾಡಿದ.

ಯೋನನನ್ನೂ ದುಬಾಯ್ ಅವರನ್ನೂ ಅಕ್ಕಪಕ್ಕ ಇಟ್ಟು ನೋಡಿದರೆ ಒಂದು ವಿಷಯ ಸ್ಪಷ್ಟವಾಗುತ್ತದೆ. ಯೋನನಿಗೆ ಪೂರ್ಣ ಜಯ ಸಿಕ್ಕಿತು. ಇಡೀ ನಿನವೆ ಮಾತು ಕೇಳಿತು. ಆದರೂ ಅವನ ಮನಸ್ಸು ವಿಧೇಯವಾಗಲಿಲ್ಲ. ದುಬಾಯ್ ಅವರಿಗೆ ತಾವು ಬಯಸಿದ ಜಯ ಸಿಗಲಿಲ್ಲ. ಆದರೂ ದಾರಿಯಲ್ಲಿ ಎದುರಾದ ಕೆಲಸಗಳಿಗೆ ಅವರು ಬೆನ್ನು ತೋರಿಸಲಿಲ್ಲ. ಫಲಿತಾಂಶ ನೋಡಿ ವಿಧೇಯತೆಯನ್ನು ಅಳೆಯಲು ಬರುವುದಿಲ್ಲ. ಬಯಸಿದ್ದು ಇನ್ನೂರು ಮುನ್ನೂರಕ್ಕೆ ನಿಂತುಹೋಯಿತು; ಬಯಸದೆ ಮಾಡಿದ್ದು ಇಪ್ಪತ್ತೈದು ಸಾವಿರ ದಾಟಿತು. ಇವೆರಡರಲ್ಲಿ ದೇವರ ಇಚ್ಛೆ ಯಾವುದಾಗಿತ್ತೆಂದು ದುಬಾಯ್ ಅವರಿಗೇ ಗೊತ್ತಿತ್ತೋ ಇಲ್ಲವೋ.

ಅಪ್ಪಣೆ ಯಾರಿಗೆ?

ಈ ಹಳೆಯ ಕಥೆ ಇಂದಿನ ವಿದ್ಯಾರ್ಥಿಗೆ ಏಕೆ ಬೇಕು ಎಂದು ಕೇಳಬಹುದು. 2020ರ ಮೇ ತಿಂಗಳಲ್ಲಿ ಮುಂಬಯಿಯಿಂದ ಕೆ.ಆರ್. ಪೇಟೆ, ನಾಗಮಂಗಲ ತಾಲ್ಲೂಕುಗಳ ಊರುಗಳಿಗೆ ಮರಳಿದವರಲ್ಲಿ ಅನೇಕರಿಗೆ ಕೊರೊನಾ ಸೋಂಕು ಕಂಡುಬಂದಾಗ, ಹುಟ್ಟಿದ ಊರೇ ಅವರನ್ನು ಅನುಮಾನದಿಂದ ನೋಡಿದ್ದು ಈಗ ಕಾಲೇಜಿನಲ್ಲಿರುವ ಮಕ್ಕಳಿಗೆ ನೆನಪಿದೆ. ಮರುವರ್ಷ ಜನವರಿಯಲ್ಲಿ ಲಸಿಕೆ ಬಂದಾಗ ‘ಬಂದದ್ದು ದೇವರಿಚ್ಛೆ, ಸೂಜಿ ಏಕೆ?’ ಎಂದವರೂ, ಮೊದಲ ಸೂಜಿ ಹಾಕಿಸಿಕೊಂಡು ಎರಡನೆಯದಕ್ಕೆ ತಲೆಮರೆಸಿಕೊಂಡವರೂ ಇದ್ದರು. ಮನೆ ಮನೆಗೆ ನಡೆದು ಅವರನ್ನು ಕರೆತಂದ ಆಶಾ ಕಾರ್ಯಕರ್ತೆಯರೂ ಇದ್ದರು. ಎರಡು ನೂರು ವರ್ಷ ಕಳೆದರೂ ಎಂಟನೆಯ ದಿನದ ತೊಡಕು ಹಾಗೆಯೇ ಇದೆ.

ಓಡುವುದು ಎಂದಾಗ ಹಡಗೇ ಹತ್ತಬೇಕಾಗಿಲ್ಲ. ಬೆಳಿಗ್ಗೆ ಓದಲು ಕೂತವನು ಮೊಬೈಲು ಕೈಗೆತ್ತಿಕೊಂಡರೂ ಅದೊಂದು ತಾರ್ಷೀಷಿನ ಪ್ರಯಾಣವೇ. ಟಿಕೇಟಿನ ಕಾಸನ್ನು ಅಪ್ಪ ಕೊಟ್ಟಿರುತ್ತಾನೆ ಅಷ್ಟೆ. ಹಾಸಿಗೆ ಹಿಡಿದ ಅಜ್ಜಿಗೆ ಔಷಧ ಕೊಡುವ ಹೊತ್ತಿಗೆ ‘ಟ್ಯೂಷನ್ ಇದೆ’ ಎಂದು ಹೊರಡುವುದೂ ಹಾಗೆಯೇ. ಯೇಸು ತನ್ನ ಕೊನೆಯ ರಾತ್ರಿ ಗೆತ್ಸೆಮನೆ ತೋಟದಲ್ಲಿ ಪ್ರಾರ್ಥಿಸುವಾಗ ಈ ಕಷ್ಟ ತಪ್ಪಲಿ ಎಂದು ಮೊದಲು ಕೇಳಿಕೊಂಡದ್ದನ್ನು ಸುವಾರ್ತೆಗಳು ಮುಚ್ಚಿಡುವುದಿಲ್ಲ. ಹೆದರಿಕೆಯಾಗುವುದು ಪಾಪವಲ್ಲ, ಬೇಡವೆನಿಸಿತೆಂದು ಬಾಯಿಬಿಟ್ಟು ಹೇಳುವುದೂ ಪಾಪವಲ್ಲ. ಹೇಳಿದ ಮೇಲೆ ಅಲ್ಲೇ ನಿಂತದ್ದರಲ್ಲಿ ಆತನ ವಿಧೇಯತೆ ಇದೆ.

ತಂದೆ ತಾಯಂದಿರಿಗೂ ಒಂದು ಮಾತಿದೆ. ಯೋನನ ತಂದೆಯ ಹೆಸರು ಅಮಿತ್ತೈ. ಪುಸ್ತಕದ ಮೊದಲ ಸಾಲಿನಲ್ಲಿ ಒಮ್ಮೆ ಬಂದು ಆ ಹೆಸರು ಮರೆಯಾಗುತ್ತದೆ. ಅಪ್ಪಣೆ ಬಂದದ್ದು ಮಗನಿಗೆ, ಅಪ್ಪನ ಕಿವಿಗಲ್ಲ. ‘ನಮ್ಮ ಮಗ ಡಾಕ್ಟರಾಗಬೇಕು, ಅದು ದೇವರಿಚ್ಛೆ’ ಎನ್ನುವ ಮನೆಗಳಲ್ಲಿ ಆ ಇಚ್ಛೆಯನ್ನು ದೇವರು ಯಾವಾಗ, ಯಾರಿಗೆ ಹೇಳಿದನೆಂದು ವಿಚಾರಿಸಿದರೆ ಎಷ್ಟೋ ಸಲ ಅದರ ಮೂಲ ಪಕ್ಕದ ಮನೆಯ ಹುಡುಗನ ರ‍್ಯಾಂಕಿನಲ್ಲಿ ಸಿಕ್ಕೀತು! ಅಂಥ ಅಪ್ಪಣೆಯಿಂದ ಮಗ ಓಡಿದ್ದೇ ಆದರೆ ಅವನು ದೇವರಿಂದ ಓಡಿದಂತಾಗಲಿಲ್ಲ. ಮನೆ ಬಿಟ್ಟುಹೋಗುವ ಮಟ್ಟಕ್ಕೆ ಅವನನ್ನು ತಳ್ಳುವ ಮೊದಲು ಆ ಇಚ್ಛೆ ಯಾರದೆಂದು ಒಮ್ಮೆ ಪರೀಕ್ಷಿಸಿ ನೋಡುವುದು ಮೇಲು.

ಪರೀಕ್ಷಿಸುವುದು ಹೇಗೆ? ನೂರಕ್ಕೆ ನೂರು ಸರಿಯಾದ ಸೂತ್ರವಿಲ್ಲ. ಆದರೆ ಯೋನನ ಕಥೆಯಲ್ಲೂ ದುಬಾಯ್ ಅವರ ಬದುಕಿನಲ್ಲೂ ಒಂದು ಗುರುತು ಸಮಾನವಾಗಿದೆ. ದೇವರದೆಂದು ಬಂದ ಕೆಲಸ ಇನ್ನೊಬ್ಬರ ಅಗತ್ಯದ ಕಡೆಗೆ ಬೆರಳು ತೋರಿಸುತ್ತದೆ; ಅದೂ ಸಾಮಾನ್ಯವಾಗಿ ತನಗೆ ಅಷ್ಟಾಗಿ ಹಿಡಿಸದ ಇನ್ನೊಬ್ಬರ ಕಡೆಗೆ. ಕೇವಲ ತನ್ನ ಮನೆಯ ಗೌರವ, ತನ್ನ ಗುಂಪಿನ ಲಾಭಗಳ ಕಡೆಗೇ ಬೆರಳು ತೋರಿಸುವ ಅಪ್ಪಣೆಯ ಮೇಲೆ ಅನುಮಾನಪಡುವುದು ತಪ್ಪಲ್ಲ.

ಐವತ್ತು ದಾಟಿದವರು ಮನೆಯಲ್ಲಿದ್ದರೆ ಮಕ್ಕಳು ಒಮ್ಮೆ ಅವರ ತೋಳನ್ನು ತೋರಿಸಲು ಹೇಳಬೇಕು. ಹಳಬರು ‘ದಾಕು’ ಎನ್ನುತ್ತಿದ್ದ ಸಿಡುಬಿನ ಲಸಿಕೆಯ ದುಂಡನೆಯ ಕಲೆ ಕಾಣುತ್ತದೆ. ಮಕ್ಕಳ ತೋಳಿನಲ್ಲಿ ಆ ಕಲೆ ಇಲ್ಲ, ಏಕೆಂದರೆ ಅದರ ಅಗತ್ಯವೇ ಉಳಿಯಲಿಲ್ಲ. ಭಾರತದಲ್ಲಿ ಸಿಡುಬಿನ ಕೊನೆಯ ಪ್ರಕರಣ ಕಂಡದ್ದು 1975ರ ಮೇ ತಿಂಗಳಲ್ಲಿ. 1980ರ ಮೇ 8ರಂದು ಪ್ರಪಂಚವೇ ಸಿಡುಬಿನಿಂದ ಮುಕ್ತವಾಯಿತೆಂದು ವಿಶ್ವ ಆರೋಗ್ಯ ಸಭೆ ಸಾರಿತು. ದುಬಾಯ್ ತೀರಿಕೊಂಡು ಆಗ 132 ವರ್ಷವಾಗಿತ್ತು. ಎಂಟನೆಯ ದಿನ ಮಗುವನ್ನೆತ್ತಿಕೊಂಡು ಬಂದ ತಾಯಂದಿರಿಗೆ ಇದರ ಕನಸೂ ಇದ್ದಿರಲಾರದು. ಬಾ ಎಂದು ಹೇಳಿದ ದಿನ ಅವರು ಬಂದಿದ್ದರು, ಅಷ್ಟೆ.